ಎಂಟು ಚೌಕಗಳ ಚಿತ್ರಕಾರರು

ಆ್ಯಪ್ ಒಂದು ಜನರ ಕೈಗೆ ಹೇಗೆ ಒದಗಿಬರಬೇಕೆಂದು ಮೊದಲೇ ಯೋಚಿಸಿ ರೂಪಿಸುವ ಕೆಲಸಕ್ಕೆ ಬಳಕೆದಾರರ ಅನುಭವದ ವಿನ್ಯಾಸವೆಂಬ ಗಂಭೀರ ಹೆಸರಿದ್ದರೂ, ಅದರ ಮುಖ್ಯ ಘಟ್ಟವೊಂದರಲ್ಲಿ ದೊಡ್ಡ ಸಂಬಳದವರೆಲ್ಲ ಬಾಲವಾಡಿಯ ಮಕ್ಕಳಂತೆ ಚಿತ್ರ ಬಿಡಿಸುತ್ತಾರೆ. ಗೂಗಲ್ ವೆಂಚರ್ಸ್‌ನಲ್ಲಿ ಜೇಕ್ ನ್ಯಾಪ್ ಬೆಳೆಸಿದ, 2016ರಲ್ಲಿ ಪುಸ್ತಕವಾಗಿಯೂ ಬಂದ ‘ಸ್ಪ್ರಿಂಟ್’ ಎಂಬ 5 ದಿನಗಳ ಪದ್ಧತಿಯಲ್ಲಿ ಇದಕ್ಕೆ ಮಂಗಳವಾರ ಮೀಸಲು. ಅದರ ‘ಕ್ರೇಜಿ ಏಟ್ಸ್’ ಎಂಬ ಚಟುವಟಿಕೆಯಲ್ಲಿ ಪ್ರತಿಯೊಬ್ಬರೂ ಹಾಳೆಯನ್ನು ಮೂರು ಬಾರಿ ಮಡಚಿ, ಮೂಡಿದ 8 ಚೌಕಗಳಲ್ಲಿ 8 ನಿಮಿಷಕ್ಕೆ 8 ಕಲ್ಪನೆಗಳನ್ನು ಗೀಚಬೇಕು. ಮೂರನೆಯ ಚೌಕದವರೆಗೆ ಪೆನ್ನು ಸರಾಗವಾಗಿ ಓಡಿ, ಐದನೆಯದರಲ್ಲಿ ಕಣ್ಣು ಛಾವಣಿಗೆ ಏರಿ, ಎಂಟನೆಯದರಲ್ಲಿ ಮೊದಲನೆಯ ಚಿತ್ರವೇ ಗುಂಡಿಯನ್ನು ಎಡಕ್ಕೆ ಸರಿಸಿಕೊಂಡು ಮರುಜನ್ಮ ಪಡೆಯುವುದುಂಟು.

ಚಿತ್ರ ಬರುವುದಿಲ್ಲವೆಂಬ ನೆಪ ಇಲ್ಲಿ ನಡೆಯದು. ಚೌಕ, ಗೆರೆ, ಕಡ್ಡಿಮನುಷ್ಯ ಇಷ್ಟೇ ಸಾಕು. ನಿಜವಾಗಿ ಅಪಾಯಕಾರಿಯಾದವನು ಚೆನ್ನಾಗಿ ಬಿಡಿಸಬಲ್ಲವನೇ, ಏಕೆಂದರೆ ಅಂದದ ಚಿತ್ರವನ್ನು ಹರಿದುಹಾಕಲು ಯಾರಿಗೂ ಮನಸ್ಸಾಗದು. ರೇಖಾಚಿತ್ರವು ಬೇಗ ಹುಟ್ಟಿ ಸುಲಭವಾಗಿ ಬಿಸಾಡುವಂತಿರಬೇಕೆಂದು ವಿನ್ಯಾಸ ತಜ್ಞ ಬಿಲ್ ಬಕ್ಸ್‌ಟನ್ 2007ರಲ್ಲೇ ವಾದಿಸಿದ್ದರು.

ಬಳಿಕ ತಯಾರಾಗುವ ವಿವರವಾದ ಹಾಳೆಗಳನ್ನು ಬುಧವಾರ ಹೆಸರಿಲ್ಲದೆ ಗೋಡೆಗೆ ಅಂಟಿಸಿ, ಮೌನವಾಗಿ ನೋಡಿ, ಮೆಚ್ಚಿದಲ್ಲಿ ಬಣ್ಣದ ಚುಕ್ಕೆ ಹಚ್ಚಲಾಗುತ್ತದೆ. ಮೇಲಧಿಕಾರಿಯ ಕೈಬರಹ ಎಲ್ಲರಿಗೂ ಪರಿಚಿತವೆಂಬುದು ಬೇರೆ ಮಾತು. ಕೊನೆಗೆ ‘ಡಿಸೈಡರ್’ ಎನಿಸಿಕೊಂಡ ನಿರ್ಣಾಯಕರಿಗೆ ತಮ್ಮ ಹೆಸರಿನ ಮೊದಲಕ್ಷರವಿರುವ ವಿಶೇಷ ಮತಗಳಿದ್ದು, ಅವು ಉಳಿದೆಲ್ಲ ಚುಕ್ಕೆಗಳನ್ನು ಮೀರಿಸುವುದರಿಂದ ಪ್ರಜಾಪ್ರಭುತ್ವವು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿದಿರುತ್ತದೆ.