ಕೋಳಿ ಸತ್ತಿತು, ಕಂಪನಿ ಬದುಕಿತು

1969ರ ಸೆಪ್ಟೆಂಬರಿನಲ್ಲಿ ಟೊರಾಂಟೊದ ವಾರ್ಸಿಟಿ ಸ್ಟೇಡಿಯಂನಲ್ಲಿ ಒಂದು ಕೋಳಿ ಸತ್ತಿತು. ಶಾಕ್ ರಾಕ್ ಎಂಬ ಸಂಗೀತದ ಪಂಗಡ ಅದರ ತಿಥಿಯೂಟವನ್ನು ಇಂದಿಗೂ ಉಣ್ಣುತ್ತಿದೆ.

ಕಣ್ಣ ಸುತ್ತ ಕಪ್ಪು ಬಳಿದುಕೊಂಡು ಹಾಡುವ ಆಲಿಸ್ ಕೂಪರ್ ಎದುರು, ವೇದಿಕೆಯ ಮೇಲೆ, ಅದು ಹೇಗೋ ಬಂದು ನಿಂತಿತ್ತು. ರೆಕ್ಕೆ ಇದೆಯಲ್ಲ, ಹಾರಿಕೊಂಡು ಹೋಗುತ್ತದೆ ಅಂತ ಜನರತ್ತ ಎಸೆದನಂತೆ. ಡೆಟ್ರಾಯಿಟ್‌ನಲ್ಲಿ ಹುಟ್ಟಿದವನಿಗೆ ಕೋಳಿಯ ಕಷ್ಟ ಏನು ಗೊತ್ತು? ಮುಂದಿನ ಸಾಲಿನವರು ಅದನ್ನು ಹರಿದು ತುಂಡು ತುಂಡು ಮಾಡಿ ವಾಪಸ್ ಎಸೆದರು. ಅಂದೇ ಅಲ್ಲಿ ಜಾನ್ ಲೆನನ್ ಶಾಂತಿಯ ಹಾಡನ್ನೂ ಹಾಡಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಪತ್ರಿಕೆಗಳು ಮಾತ್ರ ಕೂಪರ್ ಕೋಳಿಯ ತಲೆ ಕಚ್ಚಿ ರಕ್ತ ಕುಡಿದ ಎಂದು ಬರೆದವು. ಹರಿದವರು ಟಿಕೆಟ್ ಕೊಂಡ ಮರ್ಯಾದಸ್ಥರು, ಅವರ ಸುದ್ದಿ ಯಾರಿಗೆ ಬೇಕು! ಕೂಪರ್‌ನ ಆಲ್ಬಂ ಹೊರತರುತ್ತಿದ್ದ ಫ್ರಾಂಕ್ ಜಪ್ಪಾ ಫೋನ್ ಮಾಡಿ, ನಿಜವೇ ಎಂದು ಕೇಳಿದ. ಇಲ್ಲ ಎಂದಾಗ ಕೊಟ್ಟ ಸಲಹೆ: ಹಾಗಂತ ಯಾರ ಹತ್ತಿರವೂ ಬಾಯಿ ಬಿಡಬೇಡ.

ಈ ಧಂದೆಯ ಬಂಡವಾಳ ಗಾಯಕನದಲ್ಲ, ಹೌಹಾರುವವರದು. 1972ರಲ್ಲಿ ಬ್ರಿಟನ್ನಿನ ನೈತಿಕತೆಯ ಕಾವಲುಗಾರ್ತಿ ಮೇರಿ ವೈಟ್‌ಹೌಸ್, ಕೂಪರ್‌ನ 'ಸ್ಕೂಲ್ಸ್ ಔಟ್' ಹಾಡನ್ನು ಬಿಬಿಸಿ ನಿಲ್ಲಿಸಬೇಕೆಂದು ಹುಯಿಲೆಬ್ಬಿಸಿದರು. ಹಾಡು ಅಲ್ಲಿ ಒಂದನೇ ಸ್ಥಾನಕ್ಕೇರಿತು. ವೈಟ್‌ಹೌಸ್‌ಗೆ ಕೂಪರ್ ಹೂಗುಚ್ಛ ಕಳಿಸಿದ. ಪ್ರಚಾರದ ಏಜೆಂಟನಾಗಿದ್ದರೆ ಬಿಲ್ಲನ್ನೂ ಕೊಡುತ್ತಿದ್ದ. ಪಾಪ, ಆಯಮ್ಮನದು ನಿಷ್ಕಾಮ ಕರ್ಮ. 1985ರಲ್ಲಿ ವಾಷಿಂಗ್ಟನ್ನಿನ ರಾಜಕಾರಣಿಗಳ ಹೆಂಡಂದಿರು ಇನ್ನೂ ಒಂದು ಉಪಕಾರ ಮಾಡಿದರು. ಅವರ ಗಲಾಟೆಯಿಂದಾಗಿ ಆಲ್ಬಂಗಳ ಮೇಲೆ ಪೋಷಕರಿಗೆ ಎಚ್ಚರಿಕೆಯ ಚೀಟಿ ಬಂತು. ಹದಿನಾರರ ಹುಡುಗ ಯಾವುದನ್ನು ಕೊಳ್ಳಬೇಕೆಂದು ಇನ್ನು ಅಂಗಡಿಯವನನ್ನು ಕೇಳಬೇಕಾಗಿಲ್ಲ.

ಇದೇ ಧಂದೆಯ ಇನ್ನೊಬ್ಬ ಗಾಯಕ ಓಜಿ ಆಸ್ಬರ್ನ್ ಕಥೆ ಇನ್ನೂ ಸೊಗಸು. 1982ರ ಜನವರಿಯಲ್ಲಿ ಅಮೆರಿಕದ ಡೆ ಮೊಯ್ನ್‌ನಲ್ಲಿ ಅಭಿಮಾನಿಯೊಬ್ಬ ಎಸೆದ ಬಾವಲಿಯನ್ನು ರಬ್ಬರಿನದೆಂದು ಭಾವಿಸಿ ತಲೆ ಕಚ್ಚಿದ, ರೇಬೀಸ್ ಇಂಜೆಕ್ಷನ್ ಚುಚ್ಚಿಸಿಕೊಂಡ. ಇಪ್ಪತ್ತು ವರ್ಷ ಕಳೆದ ಮೇಲೆ ಬಕಿಂಗ್‌ಹ್ಯಾಮ್ ಅರಮನೆಯ ತೋಟದಲ್ಲಿ, ರಾಣಿಯ ಸುವರ್ಣ ಮಹೋತ್ಸವಕ್ಕೆ ಹಾಡಿದ. 2019ರಲ್ಲಿ ತಲೆ ಕಿತ್ತು ಮತ್ತೆ ಅಂಟಿಸಬಹುದಾದ ಬಾವಲಿ ಬೊಂಬೆ ಮಾರಾಟಕ್ಕಿಟ್ಟ. ಬಾವಲಿಯ ವಂಶಸ್ಥರಿಗೆ ರಾಯಲ್ಟಿ ಸಂದ ವರದಿಯಿಲ್ಲ.

ಕೂಪರ್ ಈಗಲೂ ವೇದಿಕೆಯಲ್ಲಿ ಗಿಲೊಟಿನ್‌ಗೆ ತಲೆ ಕೊಡುತ್ತಾನೆ. ಎಪ್ಪತ್ತರ ದಶಕದಲ್ಲಿ ಅವನ ತಲೆ ಕಡಿಯುವ ಕೆಲಸ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರನದು. ಬಾಬಾಗಳ ಪವಾಡ ಬಯಲು ಮಾಡಿ ಹೆಸರಾದ ಅದೇ ರ‍್ಯಾಂಡಿ. ಬೋಧಕನ ಮಗ ಕೂಪರ್ ಕುಡಿತ ಬಿಟ್ಟು, ಕ್ರೈಸ್ತ ಭಕ್ತನಾಗಿ, ಗಾಲ್ಫ್ ಹಿಡಿದಿದ್ದಾನೆ. ಆ ಆಟದಲ್ಲಿ ಎಲ್ಲೆಯ ಬಿಳಿ ಗೂಟ ದಾಟಿ ಚೆಂಡು ಹೋದರೆ ಒಂದು ಹೊಡೆತದ ದಂಡ. ಅದನ್ನಾತ ತಕರಾರಿಲ್ಲದೆ ಕಟ್ಟುತ್ತಿರಬೇಕು.