ಮಾಳಿಗೆ ಮೀಮಾಂಸೆ ಅಥವಾ ಡಿಶ್ ನಿಷೇಧಸೂತ್ರಗಳಿಗೆ ಒಂದು ಲಘುಭಾಷ್ಯ

ಪೀಠಿಕೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಒಟ್ಟುಗೂಡಿಸಿ ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಹೆಸರಿಟ್ಟಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಒಮ್ಮೆ, ವರ್ಗಾವಣೆ ಕೌನ್ಸೆಲಿಂಗ್ ದಿನ ಇನ್ನೊಮ್ಮೆ ಈ ಜಿಲ್ಲೆ ನಾಡಿನ ನೆನಪಿಗೆ ಬರುತ್ತದೆ. ವರ್ಗವಾಗಿ ಬಂದ ಮೇಷ್ಟರು ಮನೆ ಹುಡುಕುತ್ತಾರೆ. ಮನೆ ಸಿಕ್ಕರೆ ಓನರ್ ಸಿಗುತ್ತಾರೆ, ಓನರ್ ಸಿಕ್ಕರೆ ನಿಯಮಗಳು ಸಿಗುತ್ತವೆ. ಈ ಸೀಮೆಯ ಕೋಟೆ, ಶಾಸನ, ವೀರಗಲ್ಲುಗಳ ಮೇಲೆ ವಿದ್ವಾಂಸರು ಸಾಕಷ್ಟು ಬೆವರು ಸುರಿಸಿದ್ದಾರೆ. ಆದರೆ ‘ಮಾಳಿಗೆ ಮೇಲೆ ಡಿಶ್ ಹಾಕಂಗಿಲ್ಲ’ ಎಂಬ ಮಹಾವಾಕ್ಯದ ಕಡೆಗೆ ಅವರ ಗಮನ ಹರಿದಿಲ್ಲ. ಬಹುಶಃ ಅವರೆಲ್ಲ ಸ್ವಂತ ಮನೆಯವರು.

ಪಾಠನಿರ್ಣಯ

ಬಾಡಿಗೆ ಸಂಹಿತೆಗೆ ಎರಡು ಪಾಠಗಳಿವೆ. ಮೊದಲನೆಯದು ಲಿಖಿತ. ಇದು ತಾಲ್ಲೂಕು ಕಚೇರಿಯ ಪಕ್ಕದ ಟೈಪಿಂಗ್ ಅಂಗಡಿಯಲ್ಲಿ ಛಾಪಾ ಕಾಗದದ ಮೇಲೆ ಅವತರಿಸುತ್ತದೆ. ಇದರ ಆಯುಷ್ಯ 11 ತಿಂಗಳು. ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆ ಅಡ್ಡ ಬರುವುದರಿಂದ ಈ ಅಲ್ಪಾಯುಷ್ಯ. ಇದರಲ್ಲಿ ಬಾಡಿಗೆ, ಅಡ್ವಾನ್ಸ್, ಸುಣ್ಣಬಣ್ಣದ ಬಾಬ್ತು ಎಲ್ಲ ಇರುತ್ತದೆ, ಟಿವಿಯ ಮಾತಿರುವುದಿಲ್ಲ. ಎರಡನೆಯದು ಮೌಖಿಕ ಪಾಠ. ಅಡ್ವಾನ್ಸ್ ಹಣ ಎರಡು ಸಲ ಎಣಿಸಿ ಬೀರುವಿನೊಳಕ್ಕೆ ಹೋದ ಮೇಲೆಯೇ ಇದು ಓನರ್ ಬಾಯಿಂದ ಹೊರಡುತ್ತದೆ. ಲಿಖಿತಕ್ಕೂ ಮೌಖಿಕಕ್ಕೂ ವಿರೋಧ ಬಂದರೆ ಮೌಖಿಕವೇ ಪ್ರಮಾಣ.

ಮೌಖಿಕ ಪಾಠದ ಸೂತ್ರಗಳು ನಾಲ್ಕು. ಒಂದು, ಮಾಳಿಗೆ ಬಾಡಿಗೆಗೆ ಸೇರಿಲ್ಲ. ಎರಡು, ಗೋಡೆಗೆ ಮೊಳೆ ಹೊಡಿಬಾರದು. ಮೂರು, ಕಿಟಕಿಯಲ್ಲಿ ವೈರು ತೂರಿಸಬಾರದು. ನಾಲ್ಕು, ಕೇಬಲ್ ಐತಲ್ಲ. ಮೊದಲ ಮೂರು ಸೂತ್ರಗಳನ್ನು ಒಟ್ಟಿಗೆ ಪಾಲಿಸಿ ಡಿಶ್ ಹಾಕಿಸುವ ಮಾರ್ಗ ಭೌತಶಾಸ್ತ್ರದಲ್ಲಿ ಇಲ್ಲ. ನಾಲ್ಕನೆಯದು ಮೋಕ್ಷಸೂತ್ರ.

ಪೂರ್ವಪಕ್ಷ

ನಿಷೇಧಕ್ಕೆ ಓನರ್ ಪರಂಪರೆ ನಾಲ್ಕು ಹೇತುಗಳನ್ನು ಹೇಳುತ್ತದೆ. ನಮ್ಮ ಧರ್ಮ ಅವನ್ನು ಒಂದೊಂದಾಗಿ ಪರೀಕ್ಷಿಸುವುದು.

ಸೋರಿಕೆವಾದ: ಡ್ರಿಲ್ ಹೊಡೆದು ಬೋಲ್ಟ್ ಕೂರಿಸಿದರೆ ಮೋಲ್ಡ್‌ನಲ್ಲಿ ನೀರು ಇಳಿಯುತ್ತದೆ. ಹೇತು ಸಾಧುವೇ. ಆದರೆ ಫಿಟಿಂಗ್ ಹುಡುಗರು ಈ ವಾದವನ್ನು ಎಂದೋ ಖಂಡಿಸಿದ್ದಾರೆ. ಕಲ್ಲುಚಪ್ಪಡಿಗೆ ಅಥವಾ ಸಿಮೆಂಟು ತುಂಬಿದ ಪೇಂಟ್ ಡಬ್ಬಕ್ಕೆ ಕಂಬಿ ನಿಲ್ಲಿಸಿ ಡಿಶ್ ಬಿಗಿದರೆ ಮಾಳಿಗೆಗೆ ಒಂದು ಗೀರೂ ಆಗುವುದಿಲ್ಲ. ಮೇಲಾಗಿ ಪಾವಗಡದಲ್ಲಿ ಸೋರಿಕೆಯ ಭಯ ಹೇಳುವ ಓನರ್ ಮೊದಲು ಮಳೆಯನ್ನು ಹಾಜರುಪಡಿಸಬೇಕು.

ಹುಣಸೆವಾದ: ಬೇಸಿಗೆಯಲ್ಲಿ ಮಾಳಿಗೆಯ ತುಂಬ ಹುಣಸೆಹಣ್ಣು ಒಣಗುತ್ತದೆ, ಓಡಾಡಲು ಜಾಗವಿಲ್ಲ. ಈ ಸೀಮೆಯಲ್ಲಿ ಹುಣಸೆಯ ಎದುರು ವಾದಿಸುವುದು ಸಾಹಸ. ಆದರೆ 60 ಸೆಂಟಿಮೀಟರ್ ಅಗಲದ ತಟ್ಟೆ ಎಷ್ಟು ಹಣ್ಣಿನ ಜಾಗ ತಿಂದೀತು? ಅದರ ಪಕ್ಕದಲ್ಲೇ ಕೂತ ಸಿಂಟೆಕ್ಸ್ ಟ್ಯಾಂಕಿನ ಮೇಲೆ ಯಾವ ನಿಷೇಧವೂ ಇಲ್ಲ.

ಕೋತಿವಾದ: ಸಿದ್ಧರಬೆಟ್ಟ, ದೇವರಾಯನದುರ್ಗಗಳ ನೆರಳಿನ ಕೊರಟಗೆರೆಯಲ್ಲಿ ಇದು ಪ್ರಬಲ. ಕೋತಿ ಡಿಶ್ ಹಿಡಿದು ಜೋತಾಡುತ್ತದೆ. ತಟ್ಟೆ ಎರಡು ಮೂರು ಡಿಗ್ರಿ ಅತ್ತಿತ್ತ ಆದರೂ ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಬರಹ. ನಿಜ. ಆದರೆ ನಷ್ಟ ಬಾಡಿಗೆದಾರನದು, ಕೋತಿ ಸರ್ಕಾರದ್ದು. ಓನರ್ ಈ ವ್ಯಾಜ್ಯದಲ್ಲಿ ಕಕ್ಷಿದಾರರೇ ಅಲ್ಲ.

ವಾಸ್ತುವಾದ: ಮನೆಯ ಮೇಲೆ ಕಬ್ಬಿಣದ ತಟ್ಟೆ ಎಲ್ಲೆಂದರಲ್ಲಿ ಮುಖ ಮಾಡಬಾರದು. ಇಲ್ಲಿ ಗಣಿತದ ನೆರವು ಬೇಕು. ದೂರದರ್ಶನದ ಫ್ರೀ ಡಿಶ್ ಬರುವ ಉಪಗ್ರಹ ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವದಲ್ಲಿದೆ. ನಮ್ಮ ಸೀಮೆ ಇರುವುದು 77ರ ಆಸುಪಾಸಿನಲ್ಲಿ. ಲೆಕ್ಕ ಹಾಕಿದರೆ ಡಿಶ್ ನೋಡಬೇಕಾದದ್ದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಎತ್ತರಕ್ಕೆ. ಆಗ್ನೇಯ ಅಗ್ನಿಮೂಲೆ, ಒಲೆಯ ಜಾಗ. ಒಲೆ ಉರಿಯುವ ದಿಕ್ಕಿಗೇ ಧಾರಾವಾಹಿಯೂ ನೋಡುವುದು ವಾಸ್ತುವಿಗೆ ಪರಮಸಮ್ಮತ. 3,930 ಅಡಿ ಎತ್ತರದ ಮಧುಗಿರಿಯ ಏಕಶಿಲೆ ಕೂಡ ಈ ನೋಟಕ್ಕೆ ಅಡ್ಡಿಯಾಗದು, ಬಂಡೆಗೇ ಗೋಡೆ ಹಚ್ಚಿ ಮನೆ ಕಟ್ಟಿದ್ದರೆ ಹೊರತು. ಬೆಟ್ಟ ತಡೆಯಲಾರದ್ದನ್ನು ಓನರ್ ತಡೆಯುತ್ತಾರೆ ಎಂಬುದು ಗಮನಾರ್ಹ.

ಹೇತುಸಿದ್ಧಿ

ನಾಲ್ಕು ಹೇತುಗಳೂ ಬಿದ್ದ ಮೇಲೂ ನಿಷೇಧ ನಿಂತಿದೆ ಎಂದರೆ ಐದನೆಯ ಹೇತು ಇರಲೇಬೇಕು. ಅದನ್ನು ಪತ್ತೆ ಮಾಡಲು ಒಂದು ಮಾದರಿ ಸಂವಾದವನ್ನು ಇಲ್ಲಿ ಕೊಟ್ಟಿದೆ. ಕಾಲ: ಬೇಸಿಗೆಯ ಬೆಳಗ್ಗೆ. ಸ್ಥಳ: ಮೆಟ್ಟಿಲ ಬುಡ. ಓನರಮ್ಮ ಸೊಂಟದಲ್ಲಿ ಬೀಗದಕೈ ಸಿಕ್ಕಿಸಿಕೊಂಡು ನಿಂತಿದ್ದಾರೆ.

“ಮೇಷ್ಟ್ರೇ, ಮ್ಯಾಲೆ ಹುಣಸೇಹಣ್ಣು ಹಾಕಿದೀವಿ. ಕಾಲಿಡಂಗಿಲ್ಲ.”

“ಒಂದು ಮೂಲೆ ಸಾಕಮ್ಮ. ಕಲ್ಲಿನ ಮೇಲೆ ಕೂರಿಸ್ತಾನೆ, ತೂತು ಹೊಡಿಯಲ್ಲ.”

“ಕೋತಿ ಬತ್ತವೆ.”

“ಬಂದ್ರೆ ನಮ್ಮ ಡಿಶ್ ತಾನೇ ತಿರುಗೋದು?”

“ಅಂಗಲ್ಲ ಮೇಷ್ಟ್ರೇ. ಈ ಬೀದಿ ಕೇಬಲ್ಲು ನನ್ ತಮ್ಮಂದೇಯ. ನಮ್ಮನೇಲಿ ಇದ್ಕಂಡು ನೀವು ಬ್ಯಾರೆ ಹಾಕ್ಸುದ್ರೆ ಅವ್ನು ಏನ್ ಅನ್ಕಂತಾನೆ?”

ಫಿಟಿಂಗ್ ಹುಡುಗ ಮಾತಾಡದೆ ಬಿಳಿ ವೈರನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತತೊಡಗುತ್ತಾನೆ. ಅವನಿಗೆ ಐದನೆಯ ಹೇತು ಎಲ್ಲ ಬೀದಿಗಳಲ್ಲೂ ಪರಿಚಿತ.

ಇದೇ ಬಾಂಧವ್ಯಹೇತು. ಕೇಂದ್ರ ಸರ್ಕಾರ 1995ರಲ್ಲಿ ಕೇಬಲ್ ಕಾಯ್ದೆ ತಂದಿತು. ಆಪರೇಟರು ನೋಂದಾಯಿಸಿಕೊಳ್ಳಬೇಕು, ದೂರದರ್ಶನ ತೋರಿಸಲೇಬೇಕು ಎಂದಿತು. ಸಣ್ಣ ಊರು, ಹಳ್ಳಿಗಳ ಕೇಬಲ್ಲೂ 2017ರ ಮಾರ್ಚ್ 31ರೊಳಗೆ ಡಿಜಿಟಲ್ ಆಗಬೇಕೆಂದು ಗಡುವು ಕೊಟ್ಟಿತು. 2019ರ ಫೆಬ್ರುವರಿಯಲ್ಲಿ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 100 ಚಾನಲ್‌ಗೆ ತೆರಿಗೆ ಬಿಟ್ಟು ಹೆಚ್ಚೆಂದರೆ 130 ರೂಪಾಯಿ, ಮಿಕ್ಕದ್ದು ನಿಮ್ಮ ಇಷ್ಟದಂತೆ ಒಂದೊಂದಾಗಿ ಆರಿಸಿಕೊಳ್ಳಿ ಎಂದು ವೀಕ್ಷಕನಿಗೆ ವರ ಕೊಟ್ಟಿತು. ದೆಹಲಿಯಿಂದ ಹೊರಟ ಈ ಸ್ವಾತಂತ್ರ್ಯ ಶಿರಾದವರೆಗೂ ಸಲೀಸಾಗಿ ಬಂದು, ಮೆಟ್ಟಿಲ ಬಾಗಿಲಿಗೆ ಬೀಗ ಕಂಡು ನಿಂತಿತು.

ತೌಲನಿಕ ಅಧ್ಯಯನ

ಅಮೆರಿಕದಲ್ಲಿ 1996ರಿಂದ ಒಂದು ನಿಯಮವಿದೆ. ಒಂದು ಮೀಟರ್ ಅಥವಾ ಅದಕ್ಕಿಂತ ಚಿಕ್ಕ ಡಿಶ್ ಹಾಕಿಕೊಳ್ಳುವುದನ್ನು ಮನೆಮಾಲೀಕರ ಸಂಘಗಳು ಸುಮ್ಮಸುಮ್ಮನೆ ತಡೆಯುವಂತಿಲ್ಲ. ಆಮೇಲೆ ಇದನ್ನು ಬಾಡಿಗೆದಾರರಿಗೂ ವಿಸ್ತರಿಸಿದರು. ಆದರೆ ಇದು ನಿಮ್ಮೊಬ್ಬರ ಬಳಕೆಗೇ ಮೀಸಲಾದ ಬಾಲ್ಕನಿ, ಅಂಗಳಗಳಿಗೆ ಮಾತ್ರ. ಎಲ್ಲರಿಗೂ ಸೇರಿದ ಮಾಳಿಗೆಗೆ ಅನ್ವಯಿಸದು. ಅಂದರೆ ಮಾಳಿಗೆಯ ವಿಷಯದಲ್ಲಿ ಅಮೆರಿಕವೂ ನಮ್ಮ ಓನರಮ್ಮನ ಪಕ್ಷ.

ಇದಕ್ಕೂ ಹಳೆಯ ದೃಷ್ಟಾಂತವೊಂದಿದೆ. ನ್ಯೂಯಾರ್ಕಿನ ಲೊರೆಟ್ಟೊ ಎಂಬ ಓನರ್, ತನ್ನ ಕಟ್ಟಡದ ಮಾಳಿಗೆಯ ಮೇಲೆ ಕೇಬಲ್‌ನವರು ಕೂರಿಸಿದ ಪೆಟ್ಟಿಗೆಗಳ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದರು. ಅಲ್ಲಿನ ರಾಜ್ಯ ಇದಕ್ಕೆ ಗೊತ್ತುಪಡಿಸಿದ್ದ ಪರಿಹಾರ ಒಂದು ಡಾಲರ್. ಜಾಗ ಎಷ್ಟೇ ಚಿಕ್ಕದಿರಲಿ, ಶಾಶ್ವತವಾಗಿ ಕೂರಿಸಿದರೆ ಅದು ಆಸ್ತಿಯ ಸ್ವಾಧೀನವೇ, ಪರಿಹಾರ ಕೊಡಬೇಕು ಎಂದು 1982ರಲ್ಲಿ ತೀರ್ಪಾಯಿತು. ಅಷ್ಟು ದೊಡ್ಡ ಕೋರ್ಟು ಅಷ್ಟು ತಲೆಕೆಡಿಸಿಕೊಂಡು ಕಂಡ ಸತ್ಯವನ್ನು ಮಧುಗಿರಿಯ ಓನರ್ ಮೆಟ್ಟಿಲಲ್ಲಿ ನಿಂತೇ ಹೇಳಿಬಿಡುತ್ತಾರೆ.

ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಮಾಳಿಗೆಯನ್ನು ಎಲ್ಲ ಫ್ಲ್ಯಾಟಿನವರ ಸಾಮಾನ್ಯ ಆಸ್ತಿಗಳ ಸಾಲಿಗೆ ಸೇರಿಸಿದೆ. ಶಿರಾದ ಅಪ್ಪ ಅಮ್ಮ ಮಗನನ್ನು ನೋಡಲು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಹೋದಾಗ ಇದರ ಫಲ ತಿಳಿಯುತ್ತದೆ: ಮಾಳಿಗೆ ಎಲ್ಲರದೂ ಆದ್ದರಿಂದ ಯಾರೂ ಹತ್ತುವಂತಿಲ್ಲ, ಬೀಗದಕೈ ಅಸೋಸಿಯೇಷನ್ ಬಳಿ. ಊರಿನಲ್ಲಿ ಒಬ್ಬ ಓನರಮ್ಮ. ಅಲ್ಲಿ ಕಮಿಟಿ, ಸೆಕ್ರೆಟರಿ, ವಾಟ್ಸಾಪ್ ಗ್ರೂಪು ಸೇರಿ ಒಬ್ಬ ಓನರಮ್ಮ.

ಪ್ರಾದೇಶಿಕ ಪ್ರಭೇದ

ಪಾವಗಡದ ಶಾಖೆ ವಿಶಿಷ್ಟ. ಮೂರು ಕಡೆ ಆಂಧ್ರವಿರುವ ಈ ತಾಲ್ಲೂಕಿನಲ್ಲಿ ಮನೆಮಾತು ತೆಲುಗು, ಶಾಲೆಮಾತು ಕನ್ನಡವಾದ ಕುಟುಂಬಗಳು ಹೇರಳ. ಓನರ್ ಕೇಬಲ್ಲಿನಲ್ಲಿ ತೆಲುಗು ಧಾರಾವಾಹಿ ಧಾರಾಳ. ಕನ್ನಡದ್ದೇ ಬೇಕೆಂದರೆ ಬೇರೆ ಪ್ಯಾಕು, ಬೇರೆ ದುಡ್ಡು. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರಫಲಕಗಳು ಹಗಲೆಲ್ಲ ಆಕಾಶ ನೋಡುತ್ತ ಮಲಗಿವೆ. ಆ ನೆಲಕ್ಕೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಗೆ ಬಾಡಿಗೆ ಗೊತ್ತುಮಾಡಿದ್ದರು. ಬಾಡಿಗೆ ಕೊಟ್ಟವರಿಗೆ ಆಕಾಶವೂ ಸೇರಿ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆ? ಅದೇ ತಾಲ್ಲೂಕಿನಲ್ಲಿ ತಿಂಗಳ ಐದನೇ ತಾರೀಖಿಗೆ ತಪ್ಪದೆ ಬಾಡಿಗೆ ಕೊಡುವ ಮೇಷ್ಟರ ಒಂದು ತಟ್ಟೆ ಮಾತ್ರ ಆಕಾಶ ನೋಡುವಂತಿಲ್ಲ.

ಶಿರಾ 1687ರಿಂದ ಮೊಘಲರ ಪ್ರಾಂತ್ಯವೊಂದರ ರಾಜಧಾನಿಯಾಗಿತ್ತು. ದೆಹಲಿಯ ಫರ್ಮಾನು ಹೊರಟು ಇಲ್ಲಿ ಸುಬೇದಾರನ ಕೈಯಲ್ಲಿ ಬೇರೆಯೇ ಆಗುವ ಪದ್ಧತಿ ಊರಿಗೆ ಹೊಸದಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ಸಿದ್ಧಾಂತ

ಇಂದು ಮೇಷ್ಟರ ಮಗಳು ಧಾರಾವಾಹಿಯನ್ನು ಫೋನಿನಲ್ಲೇ ನೋಡುತ್ತಾಳೆ. ಡಿಶ್ ಬೇಕೆಂದು ಕೇಳುವವರೇ ಕಡಿಮೆ. ಹಾಗಾದರೆ ನಿಷೇಧ ಸತ್ತಿತೆ? ಇಲ್ಲ. ‘ಬ್ಯಾರೆ ಫೈಬರ್ ಎಳಿಸ್ಬ್ಯಾಡಿ, ಇಂಟರ್‌ನೆಟ್ಟೂ ನನ್ ತಮ್ಮಂದೇ ಐತೆ’ ಎಂದು ಅದು ಪುನರ್ಜನ್ಮ ಪಡೆದಿದೆ. ಇದರಿಂದ ಸಿದ್ಧವಾಗುವುದೇನೆಂದರೆ, ನಿಯಮಕ್ಕೂ ಟಿವಿಗೂ ಸಂಬಂಧ ಮೊದಲಿಂದಲೂ ಇರಲಿಲ್ಲ. ಡಿಶ್, ಫೈಬರ್, ಮುಂದೆ ಬರುವ ಇನ್ನೊಂದು, ಎಲ್ಲವೂ ನೆಪ. ರಿಮೋಟ್ ಯಾರ ಕೈಯಲ್ಲಾದರೂ ಇರಲಿ, ಚಾನಲ್ ಆರಿಸುವುದು ಮೆಟ್ಟಿಲ ಬೀಗದಕೈ.

ಫಲಶ್ರುತಿ

ಈ ಮೀಮಾಂಸೆಯನ್ನು ಅಡ್ವಾನ್ಸ್ ಕೊಡುವ ಮುನ್ನ ಓದಿದವರಿಗೆ ಮಾಳಿಗೆಯ ಮಾತು ಕರಾರಿನಲ್ಲೇ ಬರೆಸುವ ಬುದ್ಧಿ ಬರುತ್ತದೆ. ಕೊಟ್ಟ ಮೇಲೆ ಓದಿದವರಿಗೆ ತಾಳ್ಮೆ ಬರುತ್ತದೆ. ಓನರಮ್ಮನ ತಮ್ಮನ ಮದುವೆಗೆ ಹೋಗಿ ಮುಯ್ಯಿ ಮಾಡಿ ಬಂದವರಿಗೆ ಎರಡು ಕನ್ನಡ ಚಾನಲ್ ಪುಕ್ಕಟೆ ಬರುತ್ತವೆ. ಓನರ್ ಓದಿದರೆ ಮುಂದಿನ 11 ತಿಂಗಳಿಗೆ ಬಾಡಿಗೆ ಹೆಚ್ಚುತ್ತದೆ.