ಪಾಸು ಪಂಡಿತರು

ರಜೆಗೆ ನೆಂಟರು ಬರುತ್ತಾರೆಂದರೆ ಎಲ್ಲರ ಮನೆಯಲ್ಲೂ ಹಾಸಿಗೆ ದಿಂಬು ಬಿಸಿಲಿಗೆ ಬೀಳುತ್ತವೆ. ನಮ್ಮಲ್ಲಿ ಅದರ ಜೊತೆಗೆ ಬೀದಿಯವರಿಂದ ಮೆಟ್ರೋ ಕಾರ್ಡು ಕಡ ತರುವ ಕೆಲಸವೂ ಉಂಟು. ಶಿವಮೊಗ್ಗದ ನನ್ನ ಷಡ್ಡಕರು ಸಂಸಾರ ಸಮೇತ ಬೆಂಗಳೂರು ನೋಡಲು ಹೊರಟಾಗ ಮೊದಲು ಬರುವುದು ಅವರ ಫೋನು: “ಒಂದು ಕಾರ್ಡಲ್ಲಿ ಒಬ್ಬರೇ ಹೋಗಬಹುದು ನೋಡಿ. ಹೊಸದು ತಗೊಂಡ್ರೆ ತಲೆಗೆ 50 ರೂಪಾಯಿ. ಎರಡು ದಿನಕ್ಕೆ ಅದು ದಂಡ. ನಿಮ್ಮ ಬೀದೀಲಿ ಯಾರ ಹತ್ರಾನೂ ಇಲ್ವಾ?”

ಇಂಥವರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ಊರು ಸುತ್ತಲು ಹೊರಟರೆ ನಾವು ಏನು ನೋಡೋಣ ಅನ್ನುತ್ತೇವೆ. ಅವರು ಯಾವುದರಲ್ಲಿ ಹೋಗೋಣ ಅನ್ನುತ್ತಾರೆ. ಹೋಟೆಲಿನ ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡುತ್ತಾರೆ. ನೀರು ಮನೆಯಿಂದಲೇ ಹೊರುತ್ತಾರೆ. ಆಟೋದವನು ದರ ಹೇಳಿದರೆ ತಮ್ಮ ಮಗು ಸುಳ್ಳು ಹೇಳಿದಂತೆ ನೊಂದುಕೊಳ್ಳುತ್ತಾರೆ. ನಾನೋ, ಅವನು ಕೇಳಿದ್ದಕ್ಕಿಂತ ಹತ್ತು ಹೆಚ್ಚೇ ಕೊಟ್ಟು ಥ್ಯಾಂಕ್ಸ್ ಹೇಳುವ ಜಾತಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದದ್ದೇ ಷಡ್ಡಕರ ಲೆಕ್ಕಕ್ಕೆ ಹೊಸ ರಂಗು ಬಂತು. ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಗಂಡಸರಿಗೆ ದಿನದ ಪಾಸು, 2025ರ ಜನವರಿಯಲ್ಲಿ ದರ ಏರಿದ ಮೇಲೆ 80 ರೂಪಾಯಿ. ಏಸಿಯ ವಜ್ರ ಬಸ್ಸಿಗೆ 140, ಅಲ್ಲಿ ಹೆಂಗಸರೂ ಕೊಡಬೇಕು. ಎಂಟು ವರ್ಷದ ಮಗನಿಗೆ ಬಸ್ಸಿನಲ್ಲಿ ಅರ್ಧ ಟಿಕೆಟ್, ಐದರ ಮಗಳು ಪುಕ್ಕಟೆ. ಮೆಟ್ರೋದಲ್ಲಿ ವಯಸ್ಸಿಗೆ ಬೆಲೆಯಿಲ್ಲ, ಎತ್ತರ ನೋಡುತ್ತಾರೆ. ಮೂರಡಿ ದಾಟಿದರೆ ಪೂರ್ತಿ ಟಿಕೆಟ್. ಇದನ್ನೆಲ್ಲ ಡೈರಿಯ ಹಿಂಬದಿಯಲ್ಲಿ ಬರೆದು, ಹೊರಡುವ ಹಿಂದಿನ ರಾತ್ರಿ ಮಗಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ಟೇಪು ಹಿಡಿದರು. ಮೂರಡಿ ಮೂರಂಗುಲ. “ಮಂಡಿ ಸ್ವಲ್ಪ ಮಡಚಿ ನಡೆದರಾಯ್ತು” ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. “ಅವಳಿಗೂ ಒಂದು ಕಾರ್ಡು ತನ್ನಿ” ಎಂದರು.

ಬನ್ನೇರುಘಟ್ಟದಲ್ಲಿ ಹುಲಿ ಸಿಂಹ ನೋಡಿ ಮುಗಿದ ಮೇಲೆ, ನೆತ್ತಿ ಸುಡುವ ಬಿಸಿಲಲ್ಲಿ ಬಸ್ಸಿಗೆ ಕಾದೆವು. ಮೆಜೆಸ್ಟಿಕ್ಕಿಗೆ ಹೋಗುವ ವಜ್ರ ಬಂತು, ಖಾಲಿ, ತಣ್ಣಗೆ. ಷಡ್ಡಕರು ಕೈ ಅಡ್ಡ ಹಿಡಿದರು. “ಹತ್ತಬೇಡಿ, ಅದರಲ್ಲಿ ಶಕ್ತಿ ಇಲ್ಲ.”

“ಶಕ್ತಿ ನಮ್ಮಲ್ಲೂ ಇಲ್ಲ ಭಾವ” ಎಂದಳು ನನ್ನ ಹೆಂಡತಿ. ವಜ್ರ ಹೋಯಿತು.

ಆದರೆ ನನ್ನನ್ನು ನಿಜವಾಗಿ ಹಣ್ಣು ಮಾಡಿದ್ದು ಮಾರನೆಯ ದಿನದ ಮೆಟ್ರೋ. ಕಾರ್ಡಿಗೆ ಶೇಕಡಾ 5 ರಿಯಾಯಿತಿ ಯಾವಾಗಲೂ ಉಂಟು. ಕೆಲಸದ ದಿನ ಮಧ್ಯಾಹ್ನ 12ರಿಂದ 4ರವರೆಗೆ ಅದು 10 ಆಗುತ್ತದೆ. ನಾವು ನಿಲ್ದಾಣ ಮುಟ್ಟಿದ್ದು ಹನ್ನೊಂದೂಮುಕ್ಕಾಲಿಗೂ ಮುಂಚೆ. 60 ರೂಪಾಯಿಯ ಪ್ರಯಾಣ. ಕಾದರೆ ತಲೆಗೆ ಇನ್ನೂ ಮೂರು ರೂಪಾಯಿ, ಅತ್ತೆಯವರೂ ಸೇರಿ ಎಂಟು ತಲೆಗೆ ಇಪ್ಪತ್ತನಾಲ್ಕು. ಕಾಯಬೇಕೆಂದು ತೀರ್ಮಾನವಾಯಿತು. ಮಂಡಿನೋವಿನ ಅತ್ತೆ ಮೆಟ್ಟಿಲ ಮೇಲೆ ಕೂತು, “ಆ ಇಪ್ಪತ್ತನಾಲ್ಕು ನಾನೇ ಕೊಡ್ತೀನಪ್ಪಾ, ಒಳಗೆ ಹೋಗೋಣ” ಅಂದರು.

“ಮಾತು ದುಡ್ಡಿಂದಲ್ಲ ಅತ್ತೆ. ಕೊಡ್ತೀವಿ ಅಂತ ಅವರೇ ಹೇಳಿರೋವಾಗ ನಾವು ಬಿಟ್ಟು ಹೋದ್ರೆ ಹೇಗೆ?”

ಅಷ್ಟರಲ್ಲಿ ಮಕ್ಕಳು ಚುರುಮುರಿ ತಿಂದರು, ದೊಡ್ಡವರು ಎಳನೀರು ಕುಡಿದರು. ಇದರ ದುಡ್ಡು ಇಪ್ಪತ್ತನಾಲ್ಕನ್ನು ಯಾವಾಗಲೋ ನುಂಗಿತ್ತು. ಹಾಗೆಂದರೆ, “ಅದು ತಿಂಡಿ ಖಾತೆ” ಎಂದರು ಷಡ್ಡಕರು. ಹನ್ನೆರಡಕ್ಕೆ ಇನ್ನೇನು ಒಂದು ನಿಮಿಷವಿದೆ ಎನ್ನುವಾಗ ಎಲ್ಲರನ್ನೂ ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿ ಗಡಿಯಾರ ನೋಡುತ್ತ ನಿಂತರು. ಹುಡುಗನಿಗೆ ತಡೆಯಲಾಗಲಿಲ್ಲ. ಕಾರ್ಡು ತಾಗಿಸಿ ಒಳಗೆ ಓಡಿಯೇಬಿಟ್ಟ.

ಆ ಮಧ್ಯಾಹ್ನವೆಲ್ಲ ಅವರ ಮುಖದಲ್ಲಿ ಸೂತಕ. ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ರೈಟ್ ಸಹೋದರರ ವಿಮಾನದ ಮಾದರಿಯ ಮುಂದೆ ನಾವೆಲ್ಲ ಬಾಯಿಬಿಟ್ಟು ನಿಂತಿದ್ದರೆ, ಪಕ್ಕದಿಂದ ಸಣ್ಣ ದನಿ ಕೇಳಿತು: “ಹನ್ನೊಂದು ಐವತ್ತೊಂಬತ್ತು.”

ಬನ್ನೇರುಘಟ್ಟದ ರಾತ್ರಿಯ ಕಥೆಯನ್ನು ಬಿಟ್ಟೆ. ಊಟವಾದ ಮೇಲೆ ನನ್ನನ್ನು ಎಬ್ಬಿಸಿದರು. ಪಾಸಿಗೆ ಇನ್ನೂ ಜೀವವಿದೆ, 80 ರೂಪಾಯಿ ಪೂರ್ತಿ ಹುಟ್ಟಿಲ್ಲ, ಮೆಜೆಸ್ಟಿಕ್ಕಿಗೆ ಹೋಗಿಬರೋಣ. ಏನು ಕೆಲಸಕ್ಕೆ? ಹೋಗಿಬರುವುದಕ್ಕೆ. ಗೊಣಗುತ್ತ ಹೋದೆ. ಜನ ಇಳಿದು ಬಸ್ಸು ಹಗುರಾಗಿತ್ತು. ಕಿಟಕಿ ಪಕ್ಕ ಕೂತು, ನಾನು ಕೇಳದೆಯೇ ಅವರು ಹೇಳತೊಡಗಿದರು. ಅಪ್ಪನಿಗೆ ಸಣ್ಣ ಸಂಬಳ, ಮನೆ ತುಂಬ ಮಕ್ಕಳು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವಾಗ ಕಂಡಕ್ಟರ್ ವಯಸ್ಸು ಕೇಳಿದರೆ ಐದು ಅನ್ನಬೇಕು ಎಂದು ಅಮ್ಮ ಬಾಯಿಪಾಠ ಮಾಡಿಸಿದ್ದರಂತೆ. “ಮೂರು ವರ್ಷ ಐದರಲ್ಲೇ ಇದ್ದೆ ನೋಡಿ. ಕಂಡಕ್ಟರಿಗೆ ಗೊತ್ತಿತ್ತು. ‘ಏನೋ, ಇನ್ನೂ ಐದೇನಾ’ ಅಂತ ಕೆನ್ನೆ ಚಿವುಟೋನು. ಬಸ್ಸಲ್ಲಿ ಎಲ್ಲರೂ ನಗೋರು. ಅಪ್ಪ ಮಾತ್ರ ಕಿಟಕಿ ಹೊರಗೆ ನೋಡ್ತಿದ್ರು.”

ಮಗಳ ಎತ್ತರಕ್ಕೆ ಟೇಪು ಹಿಡಿದಾಗ ನನ್ನ ತಮಾಷೆಗೆ ಅವರೇಕೆ ನಗಲಿಲ್ಲವೆಂದು ಆಗ ತಿಳಿಯಿತು. ಅವರು ಬಿಡಿಗಾಸು ಬಿಡುವುದಿಲ್ಲ. ಕೊಡಬೇಕಾದ್ದನ್ನು ಮುಚ್ಚಿಡುವುದೂ ಇಲ್ಲ. ನಮ್ಮಲ್ಲಿ ಅನೇಕರದು ಇದಕ್ಕೆ ತಿರುಗಾಮುರುಗಾ. ನಾನು ಹೀಗೆ ಕರಗುತ್ತಿರುವಾಗಲೇ ಮೆಜೆಸ್ಟಿಕ್ ಬಂತು. ಇಳಿದು, ಅದೇ ನಂಬರಿನ ಇನ್ನೊಂದು ಬಸ್ಸು ಹತ್ತಿದೆವು.

ಮೊನ್ನೆ ಮತ್ತೆ ಫೋನು. ದಸರಾ ರಜೆಗೆ ಚೆನ್ನೈ. “2021ರಿಂದಲೇ ಅಲ್ಲಿ ಸಾಮಾನ್ಯ ಸಿಟಿ ಬಸ್ಸು ಹೆಂಗಸರಿಗೆ ಫ್ರೀ. ಆಧಾರೂ ಕೇಳಲ್ವಂತೆ!” ಅತ್ತೆ, ಅಕ್ಕ, ನನ್ನ ಹೆಂಡತಿ, ಮಗಳು ಎಲ್ಲರ ಹೆಸರೂ ಪಟ್ಟಿಗೆ ಸೇರಿದೆ. ನನ್ನನ್ನು ಕರೆದುಕೊಂಡು ಹೋಗುವುದು ಗಿಟ್ಟುತ್ತದೆಯೋ ಇಲ್ಲವೋ, ಇನ್ನೂ ಲೆಕ್ಕ ಹಾಕುತ್ತಿದ್ದಾರೆ.